ಹಿಂದಿನ ಜಗಲಿಯ ಕೋಣೆ

ಭಾನುವಾರದ ಪತ್ರಿಕೆಯಲ್ಲಿ ಮೊಯಾಳ ಚಿತ್ರ ಬಂದ ದಿನ ಎನಿಡ್ ಇಡೀ ಪ್ರಾರ್ಥನೆಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ನನಗೆ ಹೇಗೆ ಗೊತ್ತಾಯಿತೆಂದರೆ, ನಾನೂ ಮುಚ್ಚಿರಲಿಲ್ಲ. ದೃಷ್ಟಿ ಮಂದವಾಗಿ ಎನಿಡ್ ಕಾರು ಓಡಿಸುವುದನ್ನು ಬಿಟ್ಟಮೇಲೆ ಅವಳನ್ನು ಚರ್ಚಿಗೆ, ಅಂಗಡಿಗೆ, ಗಂಡನ ಸಮಾಧಿಗೆ ಕರೆದೊಯ್ಯುವವಳು ಪಕ್ಕದ ಮನೆಯ ನಾನೇ. ಅವಳ ಉಸಿರಾಟದ ಏರಿಳಿತವೆಲ್ಲ ನನಗೆ ರೂಢಿ. ಅವತ್ತು ಅದು ಮುಚ್ಚಳ ಹಾಕಿ ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಬರುತ್ತಿತ್ತು.

ಮೂರು ಸಾಲು ಮುಂದೆ ಮೊಯಾ ತನ್ನ ನೀಲಿ ಟೋಪಿ ಹಾಕಿಕೊಂಡು ಕೂತಿದ್ದಳು. ಈಸ್ಟರ್‌ಗೂ ಮದುವೆಗಳಿಗೂ ಬಿಟ್ಟು ಆ ಟೋಪಿ ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ.

ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ಬಂದಾಗ ಜಕರಾಂಡ ಮರದಡಿ ಮೊಯಾಳ ಸುತ್ತ ಗುಂಪು ಕಟ್ಟಿತು. ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಚಿತ್ರದಲ್ಲಿ ಅವಳು ಇನ್ವರ್ಲೀ ಮನೆಯ ಹಿತ್ತಲಿನ ಕಾರು ಶೆಡ್ಡಿನ ಬಾಗಿಲಿಗೆ ಒರಗಿ, ತಾನೇ ಯುದ್ಧ ನಿಲ್ಲಿಸಿ ಬಂದವಳಂತೆ ನಿಂತಿದ್ದಳು.

"ಫೋಟೋದವನು ಹೊಟ್ಟೆ ಒಳಗೆ ಎಳ್ಕೊಳ್ಳಿ ಅಜ್ಜಿ ಅಂದ," ಮೊಯಾ ಹೇಳುತ್ತಿದ್ದಳು. "ಎಪ್ಪತ್ತು ದಾಟಿದೋಳಿಗೆ ಹೊಟ್ಟೆ ಎಲ್ಲಿ ಶುರುವಾಗುತ್ತೆ, ಸೊಂಟ ಎಲ್ಲಿ ಮುಗಿಯುತ್ತೆ ಅಂತ ನನಗೇ ಗೊತ್ತಿಲ್ಲ. ಯಾವುದನ್ನ ಎಳ್ಕೊಳ್ಳಲಪ್ಪ ಅಂದೆ!"

ಎಲ್ಲರೂ ನಕ್ಕರು. ಮೊಯಾ ನಗುವಿನ ನಡುವೆಯೇ ಎನಿಡ್‌ಳನ್ನು ಕಂಡಳು.

"ಏ ಎನಿಡ್, ಬಾರೇ ಇಲ್ಲಿ. ಮುಂದಿನ ಸಲ ನಿನ್ನನ್ನೂ ನಿಲ್ಲಿಸ್ತೀನಿ, ಚಿನ್ನಾ. ಟ್ರೇ ಹಿಡ್ಕೊಂಡು ನಿಂತ್ಕೋ. ಟೀ ಇಲ್ದೆ ಯಾರಾದ್ರೂ ಯುದ್ಧ ಗೆದ್ದಿದ್ದಾರಾ?"

ಎನಿಡ್ ತನ್ನ ಕೈಯಲ್ಲಿದ್ದ ತಿಂಡಿಯ ತಟ್ಟೆಯನ್ನು ಮುಂದೆ ಹಿಡಿದಳು. "ಕುಂಬಳದ ಸ್ಕೋನ್ ತಣ್ಣಗಾಗ್ತಿದೆ. ಬಾಯಿಗೆ ಹಾಕ್ಕೋ. ಸ್ವಲ್ಪ ಹೊತ್ತಾದ್ರೂ ಅದಕ್ಕೆ ಬೇರೆ ಕೆಲಸ ಸಿಗ್ಲಿ."

ಆ ಮಾತಿಗೂ ನಕ್ಕರು. ಐವತ್ತು ವರ್ಷಗಳ ಗೆಳೆತನ ಹೀಗೇ ಇರುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು.

ಯುದ್ಧದ ಕಾಲಕ್ಕೆ ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗಿಯರು, ಸೈನ್ಯದ ಖಾಕಿ ಲಂಗ ತೊಟ್ಟವರು. ನಮ್ಮ ಬ್ರಿಸ್ಬೇನ್‌ನ ಈ ಗುಡ್ಡದ ಮೇಲಿನ ಇನ್ವರ್ಲೀ ಎಂಬ ದೊಡ್ಡ ಮರದ ಮನೆಯನ್ನು ಸೈನ್ಯ ವಶಕ್ಕೆ ತೆಗೆದುಕೊಂಡು, ಶತ್ರುವಿನ ವೈರ್‌ಲೆಸ್ ಸಂದೇಶಗಳ ಗುಟ್ಟು ಒಡೆಯುವ ಠಾಣೆ ಮಾಡಿಕೊಂಡಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಗೂಢಲಿಪಿಯ ಯಂತ್ರಗಳು, ಅವುಗಳ ಮುಂದೆ ಸಾಲಾಗಿ ಹುಡುಗಿಯರು. ಅವರಲ್ಲಿ ಮೊಯಾ ಒಬ್ಬಳು. ಎನಿಡ್ ಇದ್ದದ್ದು ದೊಡ್ಡ ಮನೆಯಲ್ಲಿ, ಹಲಗೆ ಹೊಡೆದು ಮುಚ್ಚಿದ್ದ ಹಿಂದಿನ ಜಗಲಿಯ ಕೋಣೆಯಲ್ಲಿ. ಅಲ್ಲಿ ಅವಳು ಅಧಿಕಾರಿಗಳಿಗೆ ಟೀ ಮಾಡಿಕೊಡುತ್ತಿದ್ದಳು. ಇದನ್ನು ನಾವೆಲ್ಲ ಮೊಯಾಳ ಬಾಯಿಂದಲೇ ಕೇಳಿದ್ದೆವು. ಎನಿಡ್ ಅಲ್ಲವೆಂದಿರಲಿಲ್ಲ. ಚರ್ಚಿನ ಹಬ್ಬವಿರಲಿ, ಸಾವಿನ ಕೂಟವಿರಲಿ, ನೀರು ಕಾಯಿಸುವ ಪಾತ್ರೆಯ ಮುಂದೆ ಎನಿಡ್‌ಳೇ ನಿಲ್ಲುವುದು ನಡೆದುಬಂದಿತ್ತು. "ಯುದ್ಧದ ಅನುಭವ ಇರೋಳು," ಎಂದು ಮೊಯಾ ಪ್ರತಿ ಸಲವೂ ಹೇಳುತ್ತಿದ್ದಳು. ಪ್ರತಿ ಸಲವೂ ಯಾರೋ ಒಬ್ಬರು ನಗುತ್ತಿದ್ದರು.

ಆ ವರ್ಷ ಇನ್ವರ್ಲೀಯನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸುವ ಮಾತು ಬಂದಿತು. ಲೀಸೆಟ್ ಎಂಬ ಇತಿಹಾಸಗಾರ್ತಿ ಟೇಪ್‌ರೆಕಾರ್ಡರ್ ಹಿಡಿದು ಗುಡ್ಡದ ಮೇಲೆ ಓಡಾಡತೊಡಗಿದಳು. ಅಲ್ಲಿ ಕೆಲಸ ಮಾಡಿದವರಲ್ಲಿ ಈ ಊರಲ್ಲಿ ಉಳಿದಿದ್ದವರು ಇವರಿಬ್ಬರೇ. ಮೊಯಾ ಅವಳಿಗೆ ಸಂಜೆಗಟ್ಟಲೆ ಹೇಳಿದಳು. ತಗಡಿನ ಮಾಡಿನಡಿ ಬೆವರುತ್ತಿದ್ದ ಹುಡುಗಿಯರು, ಗುಂಯ್‌ಗುಡುವ ಯಂತ್ರಗಳು, ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ. ಎನಿಡ್‌ಳ ಬಳಿ ಬಂದಾಗ ಲೀಸೆಟ್ ಕೇಳಿದ್ದು ಒಂದೇ: "ನೀವು ಟೀ ಕೋಣೆಯಲ್ಲಿ ಇದ್ದಿರಂತೆ, ಅಲ್ವಾ?"

"ಮೊಯಾ ಹೇಳಿದಮೇಲೆ ಮುಗೀತಲ್ಲ," ಎಂದಳು ಎನಿಡ್. ಹುಡುಗಿ ಅದನ್ನು ಹೌದೆಂದು ತೆಗೆದುಕೊಂಡಳು.

ಮರುವಾರ ಲೀಸೆಟ್ ಬರೆದ ವರದಿಯ ಕರಡನ್ನು ಎಲ್ಲರೂ ನೋಡಲೆಂದು ಲೈಬ್ರರಿಯ ಮೇಜಿನ ಮೇಲಿಟ್ಟರು. ಎನಿಡ್ ಭೂತಗನ್ನಡಿ ಹಿಡಿದು ಓದುತ್ತ ಹೋದಳು, ನಾನು ಪುಟ ತಿರುಗಿಸಿದೆ. ಶೆಡ್ಡು ಇಡೀ ರಾಜ್ಯಕ್ಕೆ ಹೆಮ್ಮೆ ತರುವಂಥದ್ದು, ಅದರ ಒಂದು ಮೊಳೆಯನ್ನೂ ಕೀಳಬಾರದು, ಬಾಗಿಲಲ್ಲಿ ಹಿತ್ತಾಳೆಯ ಫಲಕ ಹಾಕಬೇಕು, ಅದರಲ್ಲಿ ಶೆಡ್ಡಿನ ಹುಡುಗಿಯರ ಹೆಸರಿರಬೇಕು ಎಂದು ಬರೆದಿತ್ತು. ಅದರ ಕೆಳಗೆ: ಹಿಂದಿನ ಜಗಲಿಯನ್ನು ಮುಚ್ಚಿ ಮಾಡಿದ ಕೋಣೆ ಟೀ ತಯಾರಿಸಲು ಬಳಕೆಯಲ್ಲಿತ್ತು. ವಿಶೇಷ ಮಹತ್ವವಿಲ್ಲ. ಮನೆಯ ಮಾಲೀಕರು ತೆಗೆದುಹಾಕಬಹುದು.

ಈಗಿನ ಮಾಲೀಕ ದಂತವೈದ್ಯ ಮೆಕಾಲಿ. ಆ ಕೋಣೆಯನ್ನು ಕಿತ್ತು, ಊರೆಲ್ಲ ಕಾಣುವ ಹಾಗೆ ತೆರೆದ ಅಟ್ಟಣೆ ಕಟ್ಟಿಸಿ, ಅಲ್ಲಿ ಮಾಂಸ ಸುಟ್ಟು ಗೆಳೆಯರನ್ನು ಕರೆಯಬೇಕೆಂದು ಅವನು ಆಗಲೇ ಬಡಗಿಗೆ ಹೇಳಿಯಾಗಿತ್ತು.

ವಾಪಸು ಬರುವಾಗ ಇನ್ವರ್ಲೀಯ ಮುಂದೆ ಕಾರು ನಿಲ್ಲಿಸಲು ಎನಿಡ್ ಹೇಳಿದಳು. ಮಧ್ಯಾಹ್ನದ ಮಳೆಗೆ ಮೋಡ ಕೂಡುತ್ತಿತ್ತು. ಬೇಲಿಯಾಚೆ ಆ ಕೋಣೆಯ ಬೆನ್ನು ಕಾಣುತ್ತಿತ್ತು: ಬಣ್ಣ ಸುಲಿದ ಹಲಗೆಗಳು, ಸಾಲು ಗಾಜಿನ ಪಟ್ಟಿಗಳ ಕಿಟಕಿ.

"ಅಲ್ಲಿ ಟೀ ಮಾಡ್ತಿರ್ಲಿಲ್ಲ ಕಣೇ," ಎಂದಳು.

"ಮತ್ತೆ?"

"ಅದನ್ನ ಕೇಳಬೇಡ." ಆದರೆ ತಾನೇ ಮುಂದುವರಿಸಿದಳು. "ಯಾರಾದ್ರೂ ಕೇಳಿದ್ರೆ ಟೀ ಮಾಡ್ತೀನಿ ಅಂತ ಹೇಳು ಅಂದಿದ್ರು ನಮ್ಮ ಠಾಣೆಯ ಮೇಜರ್. ದಿನಾ ಮಧ್ಯಾಹ್ನ ಖಾಲಿ ಕಪ್ಪುಗಳ ಟ್ರೇ ಹಿಡ್ಕೊಂಡು ಹಿತ್ತಲಲ್ಲಿ ಒಂದು ಸುತ್ತು ಬರ್ತಿದ್ದೆ, ಶೆಡ್ಡಿನ ಹುಡುಗೀರು ನೋಡ್ಲಿ ಅಂತ. ಅವರು ನೋಡಿದ್ರು. ಮೊಯಾ ನಂಬಿದ್ಲು. ಇವತ್ತಿಗೂ ನಂಬ್ಕೊಂಡು ಕೂತಿದ್ದಾಳೆ, ಕತ್ತೆ."

"ಹಾಗಾದ್ರೆ ಬಾಯಿ ಬಿಡು! ಗುಟ್ಟೆಲ್ಲ ಬಿಡುಗಡೆ ಆಯ್ತು ಅಂತ ರೇಡಿಯೋದಲ್ಲೇ ಹೇಳಿ ಎಷ್ಟೋ ವರ್ಷ ಆಯ್ತಲ್ಲ. ಅದಕ್ಕೇ ತಾನೇ ಮೊಯಾ ಮಾತಾಡ್ತಿರೋದು?"

"ರೇಡಿಯೋದವನು ನನ್ನ ಕೈಗೆ ಬೈಬಲ್ ಕೊಟ್ಟು ಆಣೆ ಮಾಡಿಸಿರ್ಲಿಲ್ಲ," ಎಂದಳು ಎನಿಡ್. "ಮಾಡಿಸಿದ್ದು ಮೇಜರ್. 'ನಾನೇ ಬಂದು ಬಿಡಿಸೋ ತನಕ' ಅಂದಿದ್ರು. ಅವರು ಬರ್ಲಿಲ್ಲ. ಸತ್ತುಹೋದ್ರು."

ಅವಳ ಗಂಡ ಕ್ಲಾರೆನ್ಸ್ ಕೂಡ ತನ್ನ ಹೆಂಡತಿ ಟೀ ಮಾಡಿಯೇ ಯುದ್ಧ ಕಳೆದಳೆಂದು ನಂಬಿಕೊಂಡೇ ಮಣ್ಣಾಗಿದ್ದ.

ಅಂದಿನಿಂದ ಎನಿಡ್ ಬದಲಾದಳು. ನಾನು ಅವಳನ್ನು ದೈವಭಕ್ತೆಯೆಂದು ಬಲ್ಲವಳು; ಬೆಳಗಿನ ಜಪ ತಪ್ಪಿಸದವಳು, ಕಾಯಿಲೆಯವರ ಮನೆಗೆ ಸಾರು ಕಳಿಸುವವಳು. ಆ ತಿಂಗಳು ಹೊಟ್ಟೆಕಿಚ್ಚು ಅವಳ ಮನೆಯಲ್ಲಿ ಬಾಡಿಗೆಗೆ ಬಂದು ಕೂತಂತಿತ್ತು. ಮೊಯಾಳ ಹೂಗುಚ್ಛ ಬಲಿಪೀಠದ ಬಲಗಡೆ ಏಕೆ, ತನ್ನದು ಎಡಗಡೆ ಏಕೆ ಎಂದು ಕೇಳಿದಳು. ಸಂತೆಯ ದಿನ ಮೊಯಾಳ ಪ್ಯಾಷನ್‌ಫ್ರೂಟ್ ಕೇಕು ಮೊದಲು ಖಾಲಿಯಾದದ್ದಕ್ಕೆ, "ಫೋಟೋ ನೋಡಿ ತಗೋತಾರೆ, ರುಚಿ ನೋಡಿ ಅಲ್ಲ," ಎಂದಳು. ಮೊಯಾಳನ್ನು ಶಾಲೆಗೆ ಭಾಷಣಕ್ಕೆ ಕರೆದರು. ಮೊಯಾಳಿಗೆ ಸೈನಿಕರ ಸಂಘದವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದರು. ಇವೆಲ್ಲವನ್ನೂ ಎನಿಡ್ ನನಗೆ ಒಂದೊಂದಾಗಿ, ಹಲ್ಲುನೋವನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವವರ ಹಾಗೆ ಹೇಳುತ್ತಿದ್ದಳು.

ತಿಂಗಳ ಕೊನೆಯ ಶನಿವಾರ ಚರ್ಚಿನ ಸಭಾಂಗಣದಲ್ಲಿ ವರದಿಯ ಮೇಲೆ ಊರವರ ಅಭಿಪ್ರಾಯ ಕೇಳುವ ಸಭೆಯಿತ್ತು. ಯಾರಾದರೂ ಆಕ್ಷೇಪಿಸದಿದ್ದರೆ ಸೋಮವಾರ ಬಡಗಿ ಬರುತ್ತಿದ್ದ. ಅದಕ್ಕೆ ಮೊದಲಿನ ಬುಧವಾರ ಎನಿಡ್ ಪಾದ್ರಿ ಟ್ರೆಂಬತ್ ಅವರ ಬಳಿ ಹೋದಳು. ಅವರು ಚರ್ಚಿನ ಮೆಟ್ಟಿಲ ಮೇಲೆ ಬಿದ್ದ ಹೂಗಳನ್ನು ಗುಡಿಸುತ್ತಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ ನಾನು ಎದ್ದು ಹೋಗಲು ನೋಡಿದೆ. "ಕೂತ್ಕೋ, ನಿನಗೆ ಹೇಗೂ ಗೊತ್ತಲ್ಲ," ಎಂದಳು.

ಪಾದ್ರಿ ಎಲ್ಲವನ್ನೂ ಕೇಳಿಕೊಂಡರು. "ಸರ್ಕಾರದ ಹೆಸರಲ್ಲಿ ತಗೊಂಡ ಮಾತು, ಎನಿಡ್. ಸರ್ಕಾರವೇ ಬಿಟ್ಟುಕೊಟ್ಟಿದೆ. ನಿಮ್ಮನ್ನ ಕಟ್ಟಿಹಾಕಿರೋದು ಈಗ ಏನೂ ಇಲ್ಲ."

"ಹಾಗೇ ಇರ್ಲಿ ಅಂದ್ಕೊಳ್ಳೋಣ. ಶನಿವಾರ ಎದ್ದು ನಿಂತು ಹೇಳ್ತೀನಿ. ಯಾಕೆ ಹೇಳ್ತಿದ್ದೀಯ ಅಂತ ಮೇಲಿರೋನು ಕೇಳ್ತಾನಲ್ಲ, ಫಾದರ್?"

"ಯಾಕೆ ಹೇಳ್ತಿದ್ದೀರಿ?"

ಎನಿಡ್ ತನ್ನ ಕೈಚೀಲದ ಕೊಂಡಿಯನ್ನು ತೆಗೆದಳು, ಮತ್ತೆ ಹಾಕಿದಳು. "ಮೊಯಾ ಮುಖ ಸಣ್ಣಗಾಗೋದನ್ನ ಊರೆಲ್ಲ ನೋಡ್ಲಿ ಅಂತ. ಕೋಣೆ ಉಳಿಯೋದು ಆಮೇಲಿನ ಮಾತು. ರಾತ್ರಿ ಮಲಗಿದ್ರೆ ಕಣ್ಣಮುಂದೆ ಬರೋದು ಕೋಣೆ ಅಲ್ಲ, ಅವಳ ಮುಖ."

ಪಾದ್ರಿ ಪೊರಕೆಯ ಮೇಲೆ ಗಲ್ಲ ಊರಿ ನಿಂತರು. ಒಳ್ಳೆಯ ಪಾದ್ರಿ, ಉತ್ತರ ಇಲ್ಲದ ಕಡೆ ಉತ್ತರ ಕೊಡುತ್ತಿರಲಿಲ್ಲ. "ಆ ಕೋಣೇಲಿ ನಿಮ್ಮ ಜೊತೆ ಬೇರೆಯವರೂ ಇದ್ರಾ?" ಎಂದಷ್ಟೇ ಕೇಳಿದರು.

"ಇದ್ರು. ಐದು ಜನ ಹುಡುಗೀರು. ಈಗ ಒಬ್ಬರೂ ಇಲ್ಲ. ಒಬ್ಬಳ ಕಲ್ಲಿನ ಮೇಲೆ 'ಗೃಹಿಣಿ' ಅಂತ ಕೆತ್ತಿದ್ದಾರೆ. ಅವಳ ಹಾಗೆ ಲೆಕ್ಕ ಬಿಡಿಸೋ ಗಂಡಸು ಈ ಊರಲ್ಲಿ ಹುಟ್ಟಿರ್ಲಿಲ್ಲ." ಹೇಳಿಬಿಟ್ಟೆನಲ್ಲ ಎಂಬಂತೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಪಾದ್ರಿ ಕೇಳದವರಂತೆ ಗುಡಿಸತೊಡಗಿದರು.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಮೇಲೆ ಎನಿಡ್ ಹೇಳಿದಳು, "ಮೊಯಾ ಮನೆಗೆ ನಡಿ."

"ಯಾಕೆ? ಜಗಳಕ್ಕಾ?"

"ಅವಳೂ ಅದೇ ಬೈಬಲ್ ಮುಟ್ಟಿದೋಳು, ಅದೇ ಮೇಜರ್ ಮುಂದೆ. ಅವಳಿಗೆ ಹೇಳಿದ್ರೆ ಹೊರಗಿನವರಿಗೆ ಹೇಳಿದ ಹಾಗಾಗಲ್ಲ. ಆಮೇಲೆ ಅವಳು ಏನು ಮಾಡ್ತಾಳೋ ಅದು ಅವಳ ಪಾಪ-ಪುಣ್ಯ."

ಮೊಯಾಳ ಮನೆಯಲ್ಲಿ ನನ್ನನ್ನು ಮಾವಿನ ಮರದಡಿಯ ಬೆಂಚಿಗೆ ಅಟ್ಟಿ, ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಒಳಗೆ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಮೊಯಾ. ಎನಿಡ್ ಇಂದಿಗೂ ಹೇಳಿಲ್ಲ.

"ಜಗಲಿ ಕೋಣೇಲಿ ಟೀ ಮಾಡ್ತಿರ್ಲಿಲ್ಲ," ಎಂದಳಂತೆ ಎನಿಡ್. "ನಿಮ್ಮ ಶೆಡ್ಡಿಂದ ಬರೋ ಹಾಳೆಗಳೆಲ್ಲ ನಮ್ಮ ಹತ್ರ ಬರ್ತಿದ್ವು. ನಿಮ್ಮ ಯಂತ್ರ ಬಿಚ್ತಿದ್ದುದು ನಮ್ಮವರದೇ ಬೀಗ, ಕದ್ದು ಕೇಳಿದ ಸಂದೇಶಾನ ಇಲ್ಲಿಗೆ ಕಳಿಸುವಾಗ ದಾರೀಲಿ ಯಾರೂ ಓದದೆ ಇರ್ಲಿ ಅಂತ ಹಾಕಿದ್ದು. ಅದರೊಳಗೆ ಶತ್ರು ಹಾಕಿದ ಬೀಗ ಹಾಗೇ ಇರ್ತಿತ್ತು. ಅದನ್ನ ಒಡೀತಿದ್ದುದು ನಾವು."

ಮೊಯಾ ಮೊದಲು ನಕ್ಕಳಂತೆ. "ನೀನು? ಹೋಗೇ! ಈಗ ಎಲ್ಲರಿಗೂ ಫೋಟೋ ಬೇಕು. ನಾಳೆ ಹಾಲು ಹಾಕ್ತಿದ್ದೋನೂ ನಾನೇ ಬೀಗ ಒಡೆದೆ ಅಂತ ಬರ್ತಾನೆ."

"ನಂಬಬೇಡ."

"ಏನು ಸಾಕ್ಷಿ ಇದೆ ನಿನ್ನ ಹತ್ರ?"

"ನಿನ್ನ ತಪ್ಪುಗಳು ಇವೆ," ಎಂದಳು ಎನಿಡ್.

ಮಾವಿನ ಮರದಡಿ ನನಗೆ ಕೇಳಿಸಿದ್ದು ಇಲ್ಲಿಂದ ಮುಂದಿನದು, ಏಕೆಂದರೆ ಇಲ್ಲಿಂದ ಮೊಯಾಳ ಗಂಟಲು ಏರಿತು. "ನಂದಾ? ತಪ್ಪಾ? ನಾನಾ?"

ಊಟ ಮಾಡಿ ಬಂದು ಯಂತ್ರದ ಮುಂದೆ ಕೂತಾಗ ಮೊಯಾ ಮೊದಲ ಚಕ್ರವನ್ನು ಒಂದು ಹಲ್ಲು ಮುಂದಕ್ಕೆ ತಿರುಗಿಸಿಬಿಡುತ್ತಿದ್ದಳಂತೆ. ಆಮೇಲೆ ಎಚ್ಚರಾಗಿ ಸರಿಮಾಡಿಕೊಳ್ಳುತ್ತಿದ್ದಳು, ಆದರೆ ಅಷ್ಟರಲ್ಲಿ ಮೊದಲ ಸಾಲು ಕಲಸಿಹೋಗಿರುತ್ತಿತ್ತು. ಬೇರೆ ಯಾವ ಹುಡುಗಿಯೂ ಮಾಡದ ತಪ್ಪು ಅದು. ಹಾಳೆಯ ಮೇಲೆ ಹೆಸರಿರುತ್ತಿರಲಿಲ್ಲ. ಆದರೂ ಮಧ್ಯಾಹ್ನದ ಹಾಳೆ ಕೈಗೆ ಬಂದರೆ, "ಇದು ನಿಮ್ಮ ಮೊಯಾಂದು," ಎಂದು ಜಗಲಿ ಕೋಣೆಯ ಹುಡುಗಿಯರು ಅದನ್ನು ಎನಿಡ್‌ಳ ಕಡೆಗೆ ತಳ್ಳುತ್ತಿದ್ದರಂತೆ. ಅವಳು ಕೂತು ಆ ಸಾಲನ್ನು ಒಂದು ಹಲ್ಲು ಹಿಂದಕ್ಕೆ ತಂದು ಸರಿಮಾಡುತ್ತಿದ್ದಳು. ಮೇಲಿನವರಿಗೆ ಹೇಳುತ್ತಿರಲಿಲ್ಲ. ಹೇಳಿದ್ದರೆ ಮೊಯಾ ಮರುದಿನ ಶೆಡ್ಡಿನಿಂದ ಸೈನ್ಯದ ಅಡುಗೆಮನೆಗೆ ಹೋಗುತ್ತಿದ್ದಳು.

ಮಳೆಯ ಮೊದಲ ಹನಿಗಳು ಎಲೆಯ ಮೇಲೆ ಬಿದ್ದವು.

"ಊಟ ಆದ್ಮೇಲೆ ನಿದ್ದೆ ಬರ್ತಿತ್ತು," ಕಡೆಗೆ ಮೊಯಾ ಎಂದಳು. ಅವಳು ನಂಬಿದಳೆಂದು ಅದರಿಂದಲೇ ತಿಳಿಯುತ್ತಿತ್ತು. "ಅಂದ್ರೆ ಇಷ್ಟು ವರ್ಷ ನಾನು ಟೀ, ಟ್ರೇ ಅಂತ ಬಾಯಿ ಬಡ್ಕೊಂಡಾಗೆಲ್ಲ ನೀನು ಒಳಗೊಳಗೇ ನನ್ನ ಚಕ್ರ ಎಣಿಸ್ತಿದ್ದೆ."

"ಒಂದೊಂದು ಸಲ."

"ರಾಕ್ಷಸಿ!" ಎಂದಳು ಮೊಯಾ. "ನನಗೆ ಮೊದಲೇ ಅನುಮಾನ ಬರಬೇಕಿತ್ತು. ಒಳಗೇ ಕರೆಸ್ಕೊಂಡಿದ್ದು ನಿನ್ನನ್ನ, ನನ್ನನ್ನಲ್ಲ. ಆಗ್ಲೇ ನನಗೆ ಹೊಟ್ಟೆ ಉರಿದಿತ್ತು, ಗೊತ್ತಾ? ದೊಡ್ಡ ಮನೆ, ಮೇಲೆ ಫ್ಯಾನು, ನೀನು ಇಸ್ತ್ರಿ ಮಾಡಿದ ಲಂಗ ಹಾಕ್ಕೊಂಡು ಬರ್ತಿದ್ದೆ. ಪುಣ್ಯಕ್ಕೆ ಇವಳು ಟೀ ಮಾಡೋಳು ಅಂತ ಗೊತ್ತಾಗಿ ನನ್ನ ಹೊಟ್ಟೆ ತಣ್ಣಗಾಯ್ತು. ಆ ತಂಪನ್ನ ಈಗ ಬಂದು ಕಿತ್ಕೋತಿದ್ದೀಯಲ್ಲೇ!"

ಎನಿಡ್ ಹೊರಗೆ ಬಂದಾಗ ಅವಳ ಮುಖದಲ್ಲಿ ಗೆಲುವಿರಲಿಲ್ಲ. "ಹೇಳ್ತಾಳೋ ಇಲ್ವೋ ಗೊತ್ತಿಲ್ಲ," ಎಂದಳು. "ನಾನಾಗಿದ್ರೆ ಹೇಳ್ತಿರ್ಲಿಲ್ಲ."

ಶನಿವಾರ ಸಭಾಂಗಣ ತುಂಬಿತ್ತು. ಎನಿಡ್ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತು, ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸುತ್ತಿದ್ದಳು. ಏನೆಂದು ನಾನು ಕೇಳಲಿಲ್ಲ. ಲೀಸೆಟ್ ವರದಿ ಓದಿದಳು. ಜಗಲಿಯ ಕೋಣೆಯ ಸಾಲು ಬಂದಾಗ ದಂತವೈದ್ಯ ಮೆಕಾಲಿ ಕಾಲ ಮೇಲೆ ಕಾಲು ಹಾಕಿ ಒರಗಿದ. ಆಕ್ಷೇಪಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಯಾರೋ ಕಾರು ನಿಲ್ಲಿಸುವ ಜಾಗದ ಬಗ್ಗೆ ಏನೋ ಹೇಳಿದರು. ಬೇರೆ ಯಾರೂ ಕೈ ಎತ್ತಲಿಲ್ಲ. ಮೊಯಾ ಮುಂದಿನ ಸಾಲಿನಲ್ಲಿ ಕಲ್ಲಿನಂತೆ ಕೂತಿದ್ದಳು. ಎನಿಡ್‌ಳ ಕೈ ನನ್ನ ಮೊಣಕೈಯನ್ನು ಹಿಡಿದು ಹಿಂಡುತ್ತಿತ್ತು. ಅಧ್ಯಕ್ಷರು ಕಾಗದಗಳನ್ನು ಜೋಡಿಸಿಕೊಂಡರು.

"ಸ್ವಲ್ಪ ತಡೀರಿ," ಎಂದು ಮೊಯಾ ಎದ್ದಳು. "ಆ ಕೋಣೇಲಿ ಟೀ ಮಾಡ್ತಿದ್ರು ಅಂತ ಹೇಳಿದೋಳು ನಾನು. ಸುಳ್ಳು. ನನಗೂ ಸುಳ್ಳೇ ಹೇಳಿದ್ರು, ನಾನು ಅದನ್ನೇ ನುಂಗ್ಕೊಂಡು ಕೂತಿದ್ದೆ. ಶೆಡ್ಡಲ್ಲಿ ನಾವು ಮಾಡಿದ್ದು ಕಾಗದ ಬಿಚ್ಚೋ ಕೆಲಸ. ಓದ್ತಿದ್ದುದು ಆ ಕೋಣೆ. ಆರು ಜನ ಹುಡುಗೀರು. ನಾವು ಮಾಡಿದ ತಪ್ಪನ್ನೂ ಅವರೇ ತಿದ್ದುತಿದ್ರು." ಇಲ್ಲಿ ಅವಳು ಲೀಸೆಟ್‌ಳ ಕಡೆ ತಿರುಗಿದಳು. "ನನ್ನ ತಪ್ಪನ್ನ ಅಂತಲೇ ಬರ್ಕೊಳ್ಳಿ. ದಿನಾ ಮಧ್ಯಾಹ್ನ. ಆ ಕೋಣೆ ಕಿತ್ತುಹಾಕಿ ಶೆಡ್ಡು ಇಟ್ಕೋತೀರಾದ್ರೆ, ತಲೆ ತೆಗೆದು ಟೋಪಿ ಇಟ್ಕೊಂಡ ಹಾಗೆ. ಡಾಕ್ಟ್ರೇ, ನಿಮ್ಮ ಮಾಂಸ ಬೇರೆ ಕಡೆ ಸುಟ್ಕೊಳ್ಳಿ."

ಚಪ್ಪಾಳೆ ಬಿತ್ತು. ಜನ ಎದ್ದು ನಿಂತು ತಟ್ಟಿದರು. ಲೀಸೆಟ್ ಓಡಿಬಂದು ಮೊಯಾಳನ್ನು ತಬ್ಬಿಕೊಂಡಳು. ಕೋಣೆಯನ್ನು ಮುಟ್ಟಬಾರದು, ವರದಿಯ ಆ ಭಾಗವನ್ನು ಹೊಸದಾಗಿ ಬರೆಯಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಇಷ್ಟು ವಯಸ್ಸಲ್ಲಿ ತನ್ನ ತಪ್ಪನ್ನು ಊರ ಮುಂದೆ ಒಪ್ಪಿಕೊಳ್ಳುವುದೆಂದರೆ ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಪತ್ರಿಕೆಯವನು ಮೊಯಾಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಮತ್ತೆ ಚಿತ್ರ ತೆಗೆದ.

"ನೋಡಿದ್ಯಾ?" ಎಂದಳು ಎನಿಡ್ ನನ್ನ ಕಿವಿಯಲ್ಲಿ. ಅವಳ ಕಣ್ಣಲ್ಲಿ ನೀರಿತ್ತು, ಹಲ್ಲು ಕಚ್ಚಿಕೊಂಡಿದ್ದಳು. "ಅದನ್ನೂ ಅವಳೇ ಎತ್ಕೊಂಡು ಹೋದ್ಲು."

"ಕೋಣೆ ಉಳೀತಲ್ಲ, ಎನಿಡ್."

"ಉಳೀತು. ದೇವರು ದೊಡ್ಡೋನು." ಮೂಗು ಒರೆಸಿಕೊಂಡಳು. "ಆದ್ರೂ ಆ ಚಪ್ಪಾಳೆ ನನ್ನದು."

ಗುಂಪು ಕರಗಿದಮೇಲೆ ಮೊಯಾ ನೆಟ್ಟಗೆ ನಮ್ಮ ಬಳಿ ಬಂದಳು. ಅವಳ ಹಿಂದೆ ಲೀಸೆಟ್, ಕೈಯಲ್ಲಿ ಟೇಪ್‌ರೆಕಾರ್ಡರ್. ಆ ಹುಡುಗಿ ಬಹಳ ವಿನಯದಿಂದ ಕೇಳಿದಳು: ಇನ್ನಾದರೂ ಆ ಕೋಣೆಯ ಕಥೆಯನ್ನು ನೀವೇ ಹೇಳುತ್ತೀರಾ?

"ನಾನು ಮಾತು ಕೊಟ್ಟೋಳು, ಮಗಾ," ಎಂದಳು ಎನಿಡ್. "ನಿನಗೆ ಬೇಕಾದ್ದೆಲ್ಲ ಮೊಯಾ ಹೇಳಿಯಾಯ್ತು."

"ಅಷ್ಟೇನೇ ಇದ್ದಿದ್ದು?" ಮೊಯಾ ಕೇಳಿದಳು. "ನನಗೆ ಬುಧವಾರ ಎಲ್ಲಾ ಹೇಳಿದೆ ತಾನೆ?"

ಎನಿಡ್ ತನ್ನ ಕೈಚೀಲವನ್ನು ತೋಳಿಗೆ ಏರಿಸಿಕೊಂಡು ಎದ್ದಳು. "ಕೋಣೆ ಉಳಿಯೋಕೆ ಎಷ್ಟು ಬೇಕೋ ಅಷ್ಟು ಹೇಳಿದೆ."

"ಅಂದ್ರೆ ಇನ್ನೂ ಇದೆ?"

"ಇದೆ."

"ನನ್ನ ವಿಷಯಾನಾ?"

"ನಡಿಯೇ," ಎಂದಳು ಎನಿಡ್ ನನಗೆ. "ಮಳೆ ಬರೋಹಾಗಿದೆ."

ಕಾರಿನ ಕನ್ನಡಿಯಲ್ಲಿ ಮೊಯಾ ಸಭಾಂಗಣದ ಬಾಗಿಲಲ್ಲಿ, ಒಂದು ಕೈ ಸೊಂಟದ ಮೇಲಿಟ್ಟು ನಿಂತಿರುವುದು ಕಾಣುತ್ತಿತ್ತು. ಚಪ್ಪಾಳೆಯ ಗುಂಗೆಲ್ಲ ಅವಳ ಮುಖದಿಂದ ಇಳಿದುಹೋಗಿತ್ತು. ಆ ನೋಟ ನನಗೆ ಹೊಸದಲ್ಲ. ತಿಂಗಳಿಡೀ ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿದ್ದೆ.

ಮರುದಿನ ಪ್ರಾರ್ಥನೆಯಲ್ಲಿ ಮೊಯಾ ಮೂರು ಸಾಲು ಹಿಂದಕ್ಕೆ ಬಂದು ಎನಿಡ್‌ಳ ಇನ್ನೊಂದು ಪಕ್ಕದಲ್ಲಿ ಕೂತಳು. ಎಲ್ಲರೂ ಮಂಡಿಯೂರಿ, ನೆರೆಯವರ ವಿರುದ್ಧ ಮನಸ್ಸಿನಲ್ಲಿ ಮಾಡಿದ ಪಾಪಗಳನ್ನು ನೆನೆಯುವ ಹೊತ್ತು ಬಂತು.

"ಹೇಳೇ," ಎಂದು ಪಿಸುಗುಟ್ಟಿದಳು ಮೊಯಾ.

ಎನಿಡ್ ಕಣ್ಣು ಮುಚ್ಚಿಕೊಂಡೇ ಇದ್ದಳು. ತುಟಿಯ ಒಂದು ಕೊನೆ ಮೇಲಕ್ಕೆ ಏರುತ್ತಿತ್ತು. ಅವಳು ಅದನ್ನು ಎಳೆದು ಕೆಳಗಿಳಿಸಿ, ಮತ್ತೆ ಮೊದಲಿನಿಂದ ಪ್ರಾರ್ಥನೆ ಶುರುಮಾಡಿದಳು.